ಆಟಗಾರ್ತಿಯರೇ ಕಟ್ಟಿಕೊಂಡ ಟೂರ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

ರಗ್ಬಿ ಆಟವನ್ನು ನೀವು ನೋಡಿರಬಹುದು, ನೋಡದೆಯೂ ಇರಬಹುದು. ಎರಡೂ ಪರವಾಗಿಲ್ಲ. ಮೊಟ್ಟೆಯಾಕಾರದ ಚೆಂಡು. ಒಂದು ತಂಡಕ್ಕೆ ಹದಿನೈದು ಜನ. ಎಂಬತ್ತು ನಿಮಿಷದ ಆಟ. ಚೆಂಡನ್ನು ಎದೆಗೆ ಅವಚಿಕೊಂಡು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ, ಅದರ ಹೆಸರು ಟ್ರೈ. ಇವತ್ತಿನ ಮಾತಿಗೆ ಇಷ್ಟು ಸಾಕು.

ನಾನು ಹೇಳಹೊರಟಿರುವುದು ಯುರೋಪಿನ ಮಹಿಳೆಯರ ಸಿಕ್ಸ್ ನೇಷನ್ಸ್ ಚಾಂಪಿಯನ್‌ಷಿಪ್ ಕಥೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್, ಇಟಲಿ. ಈ ಆರು ದೇಶಗಳು ವರ್ಷಕ್ಕೊಮ್ಮೆ ಆಡುತ್ತವೆ. ಪ್ರತಿ ತಂಡಕ್ಕೂ ಐದು ಪಂದ್ಯ. ಐದಕ್ಕೆ ಐದೂ ಗೆದ್ದರೆ ಅದನ್ನು ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ.

ನಾನು ಹುಡುಗಿಯರಿಗೆ ರಗ್ಬಿ ಹೇಳಿಕೊಡುವವಳು. ಪ್ರತಿ ವರ್ಷ ಹೊಸದಾಗಿ ಸೇರುವ ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಾರೆ. "ಮೇಡಂ, ನಮಗೆ ಟೂರ್ನಿ ಯಾರು ಮಾಡಿಕೊಡ್ತಾರೆ?" ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು ಇದೇ ಕಥೆ ಹೇಳುತ್ತೇನೆ. ಸಿಕ್ಸ್ ನೇಷನ್ಸನ್ನು ಆ ಹೆಣ್ಣುಮಕ್ಕಳಿಗೆ ಯಾರೂ ಮಾಡಿಕೊಡಲಿಲ್ಲ. ಅವರೇ ಕಟ್ಟಿಕೊಂಡರು. ಈ ಮಾತನ್ನು ಇವತ್ತು ಇನ್ನೂ ಮೂರು ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗಂಡಸರ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ನಡೆದದ್ದು 1871ರಲ್ಲಿ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೇಬರ್ನ್ ಪ್ಲೇಸ್ ಅಂತ ಒಂದು ಮೈದಾನವಿದೆ. ಪಂದ್ಯ ಅಲ್ಲೇ ನಡೆಯಿತು. ಆ ಮೈದಾನದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇವೆ. ಹೆಂಗಸರ ಮೊದಲ ಅಂತರರಾಷ್ಟ್ರೀಯ ಪಂದ್ಯ ಯಾವಾಗ ಗೊತ್ತಾ? 1982ರಲ್ಲಿ, ನೆದರ್ಲೆಂಡ್ಸಿನ ಉಟ್ರೆಕ್ಟ್ ಊರಲ್ಲಿ. ಫ್ರಾನ್ಸ್ ನೆದರ್ಲೆಂಡ್ಸನ್ನು 4-0ಯಿಂದ ಸೋಲಿಸಿತು. ಆಗ ಒಂದು ಟ್ರೈಗೆ ನಾಲ್ಕೇ ಅಂಕ. ನಡುವೆ ನೂರಾ ಹನ್ನೊಂದು ವರ್ಷ! 1987ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಹೆಂಗಸರ ತಂಡಗಳು ಮೊದಲ ಸಲ ಎದುರಾದವು. ಅಲ್ಲಿ ಇಲ್ಲಿ ಒಂದೊಂದು ಪಂದ್ಯ, ಅಷ್ಟೇ. ಟೂರ್ನಿ ಅಂತ ಏನೂ ಇರಲಿಲ್ಲ.

1991ರಲ್ಲಿ ಲಂಡನ್ನಿನ ರಿಚ್ಮಂಡ್ ಕ್ಲಬ್ಬಿನ ನಾಲ್ವರು ಹೆಂಗಸರು ಸೇರಿ ಒಂದು ವಿಶ್ವಕಪ್ಪನ್ನೇ ನಡೆಸಿಬಿಟ್ಟರು. ಡೆಬೊರಾ ಗ್ರಿಫಿನ್, ಸ್ಯೂ ಡಾರಿಂಗ್ಟನ್, ಆಲಿಸ್ ಕೂಪರ್, ಮೇರಿ ಫಾರ್ಸೈತ್. ಅಂತರರಾಷ್ಟ್ರೀಯ ರಗ್ಬಿ ಮಂಡಳಿಯ ಒಪ್ಪಿಗೆ ಇರಲಿಲ್ಲ, ದೊಡ್ಡ ಪ್ರಾಯೋಜಕರೂ ಸಿಗಲಿಲ್ಲ. ಆದರೂ ಹನ್ನೆರಡು ದೇಶಗಳ ತಂಡ ವೇಲ್ಸಿಗೆ ಬಂದವು. ಸೋವಿಯತ್ ತಂಡದ ಕೈಯಲ್ಲಿ ದುಡ್ಡೇ ಇರಲಿಲ್ಲ. ತಂದಿದ್ದ ವೋಡ್ಕಾ, ಗೊಂಬೆಗಳನ್ನು ಮಾರಿ ಖರ್ಚು ತೂಗಿಸಲು ನೋಡಿದರು. ಫೈನಲ್‌ನಲ್ಲಿ ಅಮೆರಿಕ 19-6ರಿಂದ ಇಂಗ್ಲೆಂಡನ್ನು ಸೋಲಿಸಿತು.

ಈಗ ನನಗೆ ಬಹಳ ಇಷ್ಟವಾದ ಭಾಗ. ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ.

1993ರ ಫೆಬ್ರವರಿ 14. ಸ್ಕಾಟ್ಲೆಂಡಿನ ಹೆಂಗಸರು ತಮ್ಮ ದೇಶದ ಪರವಾಗಿ ಮೊಟ್ಟಮೊದಲ ಪಂದ್ಯ ಆಡಿದರು. ಎದುರಾಳಿ ಐರ್ಲೆಂಡ್, ಅವರಿಗೂ ಅದು ಮೊದಲ ಪಂದ್ಯ. ಎಲ್ಲಿ ಅಂತೀರಿ? ಅದೇ ರೇಬರ್ನ್ ಪ್ಲೇಸ್. ಸ್ಕಾಟ್ಲೆಂಡ್ 10-0ಯಿಂದ ಗೆದ್ದಿತು. ಎರಡೂ ಟ್ರೈ ಗಳಿಸಿದವರು ನಾಯಕಿ ಸಾಂಡ್ರಾ ಕೊಲಮಾರ್ಟಿನೊ. ಅಂದರೆ ತಂಡ ಹುಟ್ಟಿದ್ದೇ ಆವತ್ತು. ಇದು ಯಾಕೆ ಮುಖ್ಯ ಅಂತ ಈಗ ಕೇಳಿ.

ಎರಡನೆಯ ವಿಶ್ವಕಪ್ 1994ರಲ್ಲಿ ನೆದರ್ಲೆಂಡ್ಸಿನಲ್ಲಿ ಆಗಬೇಕಿತ್ತು. ಅಂತರರಾಷ್ಟ್ರೀಯ ಮಂಡಳಿ ಈ ಸಲವೂ ಒಪ್ಪಿಗೆ ಕೊಡಲಿಲ್ಲ. ಒಪ್ಪಿಗೆ ಇಲ್ಲದ ಮೇಲೆ ನಮಗೆ ಬೇಡಪ್ಪ ಅಂತ ಡಚ್ಚರು ಹಿಂದೆ ಸರಿದರು. ಟೂರ್ನಿ ಬಿದ್ದೇಹೋಯಿತು. ಆಟಗಾರ್ತಿಯರು ಅಭ್ಯಾಸ ಮಾಡಿದ್ದರು, ಕೆಲಸಕ್ಕೆ ರಜೆ ಹಾಕಿದ್ದರು, ದುಡ್ಡು ಕೂಡಿಸಿಟ್ಟಿದ್ದರು. ಎಲ್ಲ ನೀರಲ್ಲಿ ಹೋಮ.

ಆಗ ಎದ್ದು ನಿಂತವರು ಸ್ಕಾಟ್ಲೆಂಡಿನ ಹೆಂಗಸರು. ತಂಡಕ್ಕೆ ಒಂದು ವರ್ಷ ತುಂಬಿತ್ತೋ ಇಲ್ಲವೋ! "ನಾವು ಮಾಡ್ತೀವಿ" ಅಂದರು. ಸ್ಯೂ ಬ್ರೋಡಿ ಎನ್ನುವ ಆಟಗಾರ್ತಿ ಮುಂದಾಳತ್ವ ವಹಿಸಿದರು. ಕೈಯಲ್ಲಿದ್ದದ್ದು ಸುಮಾರು ತೊಂಬತ್ತು ದಿನ. ತೊಂಬತ್ತು ದಿನದಲ್ಲಿ ಒಂದು ಮದುವೆಗೆ ಛತ್ರ ಗೊತ್ತುಮಾಡಿ ಅಡುಗೆಯವರನ್ನು ಹಿಡಿಯುವುದೇ ಕಷ್ಟ, ಅಲ್ವಾ? ಇವರು ಮೈದಾನ ಹುಡುಕಬೇಕು, ಬೇರೆ ಬೇರೆ ದೇಶದ ತಂಡಗಳಿಗೆ ಮಲಗಲು ಜಾಗ ನೋಡಬೇಕು, ರೆಫರಿಗಳನ್ನು ಕರೆಸಬೇಕು, ಪಂದ್ಯದ ವೇಳಾಪಟ್ಟಿ ಬರೆಯಬೇಕು. ಮಾಡುವವರೆಲ್ಲ ಬೇರೆ ಕೆಲಸದಲ್ಲಿದ್ದವರು. ದಿನದ ದುಡಿಮೆ ಮುಗಿಸಿ, ಸಂಜೆ ಅಭ್ಯಾಸ ಮಾಡಿ, ಆಮೇಲೆ ಇದು. ಟೂರ್ನಿ ನಡೆಸುವವರೂ ಅವರೇ, ಮೈದಾನಕ್ಕೆ ಇಳಿದು ಆಡುವವರೂ ಅವರೇ.

ಅಡ್ಡಿಗಳು ಮುಗಿಯಲಿಲ್ಲ. ಮಂಡಳಿಯ ಒಪ್ಪಿಗೆ ಇಲ್ಲವೆಂದು ನ್ಯೂಜಿಲೆಂಡ್ ತಂಡ ಬರಲಿಲ್ಲ. ಸ್ಪೇನ್ ಕೊನೆ ಗಳಿಗೆಯಲ್ಲಿ ಕೈಕೊಟ್ಟಿತು. ಹನ್ನೆರಡು ತಂಡದ ಲೆಕ್ಕ ತಪ್ಪಿತು. ಏನು ಮಾಡಿದರು ಅಂತೀರಿ? ಸ್ಕಾಟ್ಲೆಂಡಿನ ವಿದ್ಯಾರ್ಥಿನಿಯರದೇ ಒಂದು ತಂಡ ಕಟ್ಟಿ ಕಣಕ್ಕಿಳಿಸಿದರು! ಲೆಕ್ಕ ಸರಿಹೋಯಿತು. ಕಜಕಸ್ತಾನದಿಂದ ಬಂದರು, ಜಪಾನಿನಿಂದ ಬಂದರು, ರಷ್ಯಾ, ಸ್ವೀಡನ್, ಕೆನಡಾ ಎಲ್ಲ ಬಂದವು. ಏಪ್ರಿಲ್‌ನಲ್ಲಿ ಎರಡು ವಾರ ಟೂರ್ನಿ ನಡೆಯಿತು. ಫೈನಲ್ ಎಲ್ಲಿ? ನೀವೇ ಹೇಳಿ. ಹೌದು, ರೇಬರ್ನ್ ಪ್ಲೇಸ್. ಗಂಡಸರು 1871ರಲ್ಲಿ ಆಡಿದ ಅದೇ ಮೈದಾನ. ಇಂಗ್ಲೆಂಡ್ ಅಮೆರಿಕವನ್ನು 38-23ರಿಂದ ಸೋಲಿಸಿ ಮೂರು ವರ್ಷದ ಹಿಂದಿನ ಸೋಲು ತೀರಿಸಿಕೊಂಡಿತು. ಒಪ್ಪಿಗೆ ಕೊಡದ ಮಂಡಳಿ ಎಷ್ಟೋ ವರ್ಷ ಆದ ಮೇಲೆ ಆ ಎರಡೂ ಟೂರ್ನಿಗಳನ್ನು ವಿಶ್ವಕಪ್ ಎಂದು ದಾಖಲೆಗೆ ಸೇರಿಸಿಕೊಂಡಿತು. ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ವಿದ್ಯಾರ್ಥಿನಿಯರ ತಂಡದ ಮಾತು ಬಂದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಗಡಿಯಾರ ನೋಡಿದೆ, ಅರ್ಧಕ್ಕಿಂತ ಜಾಸ್ತಿ ಸಮಯ ಇಲ್ಲೇ ಕಳೆದಿದೆ. ಬೇಗ ಬೇಗ ಮುಂದೆ ಹೋಗೋಣ.

ಇಷ್ಟೆಲ್ಲ ಮಾಡಿದ ಮೇಲೆ ನಾಲ್ಕು ನೆರೆಹೊರೆಯ ದೇಶಗಳು ವರ್ಷವರ್ಷ ಆಡುವುದೇನು ದೊಡ್ಡದು? 1996ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಹೋಮ್ ಚಾಂಪಿಯನ್‌ಷಿಪ್ ಶುರು ಮಾಡಿದವು. ಇದೇ ಇವತ್ತಿನ ಸಿಕ್ಸ್ ನೇಷನ್ಸಿನ ಬೇರು. ಮೊದಲ ಎರಡು ವರ್ಷ ಇಂಗ್ಲೆಂಡ್ ಗೆದ್ದಿತು. 1998ರಲ್ಲಿ ಸ್ಕಾಟ್ಲೆಂಡ್. ಆ ತೊಂಬತ್ತು ದಿನದ ತಂಡ! 1999ರಲ್ಲಿ ಫ್ರಾನ್ಸ್ ಸೇರಿತು, 2000ದಲ್ಲಿ ಐರ್ಲೆಂಡ್ ಹೊರಗುಳಿದು ಅದರ ಜಾಗಕ್ಕೆ ಸ್ಪೇನ್ ಬಂತು, 2002ರಲ್ಲಿ ಐರ್ಲೆಂಡ್ ಮರಳಿ ಆರು ದೇಶಗಳ ಸಿಕ್ಸ್ ನೇಷನ್ಸ್ ಆಯಿತು. ಆ ವರ್ಷ ಫ್ರಾನ್ಸ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು.

2007ರಲ್ಲಿ ಸ್ಪೇನನ್ನು ಕೈಬಿಟ್ಟು ಇಟಲಿಯನ್ನು ಸೇರಿಸಿಕೊಂಡರು. ಕಾರಣ ಏನು? ಗಂಡಸರ ಸಿಕ್ಸ್ ನೇಷನ್ಸಿನಲ್ಲಿ ಇಟಲಿ ಇದೆ, ಹೆಂಗಸರದೂ ಹಾಗೇ ಇರಲಿ ಅಂತ. ಸ್ಪೇನಿನ ಹೆಣ್ಣುಮಕ್ಕಳು ಮೈದಾನದಲ್ಲಿ ಸಂಪಾದಿಸಿದ ಜಾಗ ಅದು. ಅದನ್ನು ಗಂಡಸರ ಪಟ್ಟಿ ನೋಡಿ ತೆಗೆದದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಇಟಲಿಯವರ ಮೇಲೆ ನನಗೆ ದೂರಿಲ್ಲ. ಅವರು ಚೆನ್ನಾಗಿ ಆಡುತ್ತಾರೆ.

ಐರ್ಲೆಂಡಿನ ಬಗ್ಗೆ ಹೇಳದೆ ಬಿಡುವ ಹಾಗಿಲ್ಲ. 2012ರಲ್ಲಿ ಫ್ರಾನ್ಸಿನ ಪೋ ಎನ್ನುವ ಊರಲ್ಲಿ ಪಂದ್ಯ. ಪ್ರಯಾಣ ಎಡವಟ್ಟಾಗಿ ತಂಡ ರಾತ್ರಿಯಿಡೀ ರೈಲಿನಲ್ಲಿ ಬರಬೇಕಾಯಿತು. ಹಾಗೇ ಬಂದು ಆಡಿದರು, ಒಂದೇ ಅಂಕದಿಂದ ಸೋತರು, 8-7. ಮರುವರ್ಷ, 2013ರಲ್ಲಿ, ಅದೇ ಐರ್ಲೆಂಡ್ ಇಂಗ್ಲೆಂಡನ್ನು 25-0ಯಿಂದ ಸೋಲಿಸಿತು. ಕೊನೆಯ ಪಂದ್ಯ ಇಟಲಿಯ ಮಿಲಾನ್ ಹತ್ತಿರ, ಕೆಸರಿನ ಮೈದಾನದಲ್ಲಿ. 6-3. ಅಷ್ಟು ಕಡಿಮೆ ಅಂತರದಲ್ಲಿ ಗೆದ್ದು ಫಿಯೊನಾ ಕಾಗ್ಲನ್ ನಾಯಕತ್ವದ ಐರ್ಲೆಂಡ್ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಪಡೆಯಿತು.

ಇನ್ನು ಇಂಗ್ಲೆಂಡ್. 2019ರಲ್ಲಿ ಅಲ್ಲಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಸಂಬಳದ ಒಪ್ಪಂದ ಸಿಕ್ಕಿತು. ಅದೇ 2019ರಿಂದ 2025ರವರೆಗೆ ಏಳಕ್ಕೆ ಏಳು ವರ್ಷವೂ ಇಂಗ್ಲೆಂಡೇ ಚಾಂಪಿಯನ್. ಸಂಬಳ ಬಂದರೆ ಆಟ ಸುಧಾರಿಸುತ್ತದೆ, ಇದರಲ್ಲಿ ಆಶ್ಚರ್ಯವೇನಿದೆ? ಮಿಕ್ಕ ದೇಶಗಳೂ ಆಮೇಲೆ ಆ ದಾರಿ ಹಿಡಿದವು. 2021ರಿಂದ ಟೂರ್ನಿಗೆ ಏಪ್ರಿಲ್‌ನಲ್ಲಿ ತನ್ನದೇ ದಿನಗಳಿವೆ. ಅಲ್ಲಿಯತನಕ ಗಂಡಸರ ಪಂದ್ಯಗಳ ನೆರಳಲ್ಲೇ ನಡೆಯುತ್ತಿತ್ತು. 2023ರ ಏಪ್ರಿಲ್ 29ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಪಂದ್ಯ ನೋಡಲು 58,498 ಜನ ಬಂದರು. ಅರ್ಧ ಆಟಕ್ಕೆ ಇಂಗ್ಲೆಂಡ್ 33-0. ಮುಗಿಯುವಾಗ 38-33! ಫ್ರಾನ್ಸ್ ಅಷ್ಟು ಹತ್ತಿರ ಬಂದಿತ್ತು. ಆ ದ್ವಿತೀಯಾರ್ಧದ ಬಗ್ಗೆ ಒಂದು ಭಾಷಣವನ್ನೇ ಮಾಡಬಹುದು, ಇವತ್ತು ಸಮಯವಿಲ್ಲ.

ಒಂದು ಸುದ್ದಿ ಮಾತ್ರ ಹೇಳಿ ಏಳುತ್ತೇನೆ. 1991ರಲ್ಲಿ ಒಪ್ಪಿಗೆಗೆ ಕಾಯದೆ ವಿಶ್ವಕಪ್ ನಡೆಸಿದ ನಾಲ್ವರಲ್ಲಿ ಡೆಬೊರಾ ಗ್ರಿಫಿನ್ ಹೆಸರು ಹೇಳಿದೆನಲ್ಲ? 2025ರಲ್ಲಿ ಅವರು ಇಂಗ್ಲೆಂಡಿನ ರಗ್ಬಿ ಸಂಸ್ಥೆಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರೇ.

ನಮಸ್ಕಾರ.