ಹೊತ್ತಾರೆ ಕಂಡ ಚಂದ್ರ

ಕೇಳುಗರಿಗೆ ನಮಸ್ಕಾರ.

ನಾನು ಚಾಮರಾಜನಗರ ಜಿಲ್ಲೆಯ ಸರ್ಕಾರಿ ಶಾಲೆಯ ಮೇಷ್ಟ್ರು. ಡಿಜಿಟಲ್ ಪಾಠ ಕೊರೋನಾ ಜೊತೆಗೇ ಬಂತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ಜಿಲ್ಲೆಗೆ ಅದು ಆಕಾಶದಿಂದಲೇ ಇಳಿದಿತ್ತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹ ಶಿಕ್ಷಣಕ್ಕೆಂದೇ ಮೀಸಲಾದದ್ದು. ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಪ್ರಯೋಗಿಸಲು ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ಜಿಲ್ಲೆ. ಶಾಲೆಯ ತಾರಸಿ ಮೇಲೆ ಡಿಶ್, ಒಳಗೆ ಟಿವಿ. ಪಾಠ ಚೆನ್ನಾಗಿಯೇ ಇರುತ್ತಿತ್ತು. ಕರೆಂಟ್ ಮಾತ್ರ ಪಾಠದ ವೇಳಾಪಟ್ಟಿ ನೋಡಿಕೊಂಡು ಬರುತ್ತಿರಲಿಲ್ಲ! ಕರೆಂಟ್ ಇದ್ದ ದಿನವೂ ಟಿವಿಯೊಳಗಿನ ಮೇಡಂ ಕೇಳಿದ ಪ್ರಶ್ನೆಗೆ ಮಕ್ಕಳು ಒಕ್ಕೊರಲಿನಿಂದ ಉತ್ತರ ಕೂಗುತ್ತಿದ್ದರು. ಅದು ಆ ಮೇಡಂಗೆ ಕೇಳಿಸುವುದಿಲ್ಲವಲ್ಲ ಅಂತ ನನಗೆ ಆಗಲೇ ಕಸಿವಿಸಿ.

ಆಮೇಲೆ ಕಂಪ್ಯೂಟರ್ ಬಂತು, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬಂತು. ಒತ್ತಕ್ಷರಕ್ಕೆ ಎಫ್ ಒತ್ತಬೇಕು ಅನ್ನುವುದು ಬೆರಳಿಗೆ ರೂಢಿಯಾಯಿತು.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ನಾವು ವಾಟ್ಸಾಪ್ ಗುಂಪು ಮಾಡಿದೆವು. ಬೆಳಗ್ಗೆ ಹತ್ತಕ್ಕೆ ವಿಡಿಯೋ ಪಾಠ ಅಂದರೆ ಯಾರೂ ಇಲ್ಲ. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗಿರುತ್ತಿತ್ತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಮೇಷ್ಟ್ರು ಹೋಗಿ ಕಲಿಸುವ ವಿದ್ಯಾಗಮ ಬಂದು, ದೇವಸ್ಥಾನದ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳ ಮುಖ ಕಂಡೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಆಗ ನನ್ನ ಕೈಹಿಡಿದದ್ದು ಧ್ವನಿ ಸಂದೇಶ. ಎರಡು ಮೂರು ನಿಮಿಷ ಮಾತಾಡಿ ಕಳಿಸಿಬಿಡುವುದು. ಫೋನು ಮನೆಗೆ ಬಂದಾಗ ಮಗು ಕೇಳಿಕೊಳ್ಳುತ್ತದೆ, ಅರ್ಥವಾಗದಿದ್ದರೆ ಮತ್ತೆ ಕೇಳುತ್ತದೆ. ಡೇಟಾ ಖರ್ಚೂ ಕಡಿಮೆ. ಒಂದು ಬಗೆಯಲ್ಲಿ ಇದು ರೇಡಿಯೋ ಪಾಠವೇ. ನಮ್ಮ ಶಾಲೆಗಳು ಆಕಾಶವಾಣಿಯಲ್ಲಿ 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಕೇಳಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇಲ್ಲಿ ಕೇಳಿದವರು ತಿರುಗಿ ಮಾತಾಡಬಹುದು, ಅಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸ ದೊಡ್ಡದು.

ಮಳೆ ಕಳೆದು ಆಕಾಶ ತಿಳಿಯಾಗಿದ್ದ ಹೊತ್ತು. ಚಂದ್ರನ ಕಲೆಗಳ ಪಾಠ, ಅಂದರೆ ಅವನು ದಿನದಿನಕ್ಕೆ ಆಕಾರ ಬದಲಿಸಿ ಕಾಣುವ ಬಗೆ. ದಿನಾ ಚಂದ್ರನನ್ನು ನೋಡಿ, ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಕಂಡ ಅಂತ ಹೇಳಿ ಕಳಿಸಿ ಅಂದೆ. ತರಗತಿಯಲ್ಲಿ ಬಾಯಿ ಬಿಡದವರೆಲ್ಲ ಮಾತಾಡತೊಡಗಿದರು. ಸಂದೇಶಗಳ ಹಿಂದೆ ಕುಕ್ಕರ್ ಸೀಟಿ, ಕರು ಕೂಗು, "ಬೇಗ ಮುಗ್ಸು, ಚಾರ್ಜಿಲ್ಲ" ಅನ್ನೋ ಅಮ್ಮನ ದನಿ.

ಹುಣ್ಣಿಮೆ ಕಳೆದು ವಾರವಾದ ಮೇಲೆ ಒಬ್ಬ ಹುಡುಗನ ಸಂದೇಶ ಬಂತು: "ಸಾ, ರಾತ್ರಿ ಊಟ ಆದ್ಮೇಲೂ ಕಾದೆ, ಚಂದ್ರ ಬರ್ಲೇ ಇಲ್ಲ. ಹೊತ್ತಾರೆ ಡೈರಿಗೆ ಹಾಲು ಹಾಕಕ್ಕೆ ಹೋದ್ರೆ ನೆತ್ತಿ ಮೇಲವ್ನೆ. ಅದೂ ಅರ್ಧ. ರಾತ್ರಿಯೆಲ್ಲ ಎಲ್ಲೋಗಿದ್ದ?"

ಪುಸ್ತಕದ ಚಿತ್ರ ಬಾಯಿಪಾಠ ಮಾಡಿದವರು ಕೇಳುವ ಪ್ರಶ್ನೆಯಲ್ಲ ಇದು. ಉತ್ತರ ಹೇಳಲು ನಾಲಿಗೆ ತುರಿಸಿತು. (ಮೇಷ್ಟ್ರುಗಳಿಗೆ ಈ ರೋಗ ಇದ್ದದ್ದೇ.) ತಡೆದುಕೊಂಡು ಸಂದೇಶವನ್ನು ಹಾಗೇ ಗುಂಪಿಗೆ ಹಾಕಿದೆ. ಮಾರನೇ ರಾತ್ರಿ ಒಬ್ಬ ಹುಡುಗಿ ಉತ್ತರ ಕಳಿಸಿದಳು: "ಹುಣ್ಣಿಮೆ ದಿನ ಸಂಜೆಗೇ ಬರ್ತಾನೆ ಸಾ. ಆಮೇಲೆ ಬರೋ ಸಂಕಷ್ಟಿ ದಿನ ನಮ್ಮಮ್ಮ ಚಂದ್ರನ್ನ ನೋಡೋಗಂಟ ಊಟ ಮಾಡಲ್ಲ, ಒಂಬತ್ತು ಗಂಟೆ ದಾಟುತ್ತೆ. ದಿನಾ ತಡ ಮಾಡ್ಕಂಡೇ ಬರ್ತಾನೆ."

ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಾಗಿ ವಾರಕ್ಕೆ ಅವನ ಹುಟ್ಟು ನಡುರಾತ್ರಿಯ ಹೊತ್ತಿಗೆ ಸರಿದಿರುತ್ತದೆ, ಆಗ ಬೆಳಗ್ಗೆ ನೆತ್ತಿಯ ಮೇಲೆ ಇರಲೇಬೇಕು. ಅವಳ ಮಾತಿಗೆ ನಾನು ಸೇರಿಸಿದ್ದು ಇಷ್ಟೇ. ಅಷ್ಟರಲ್ಲಿ ಇನ್ನೊಬ್ಬ ಗೋಡೆ ಕ್ಯಾಲೆಂಡರಿನಿಂದ ಸಂಕಷ್ಟಿಯ ಚಂದ್ರೋದಯದ ಸಮಯ ಓದಿ ಕಳಿಸಿದ್ದ. ಮತ್ತೊಬ್ಬಳು, ಅಮಾವಾಸ್ಯೆ ದಿನ ಹಾಗಾದರೆ ಸೂರ್ಯನ ಜೊತೆಗೇ ಹುಟ್ಟುತ್ತಾನಾ ಅಂತ ಕೇಳಿದ್ದಳು. ಹೌದು, ಹೆಚ್ಚುಕಡಿಮೆ ಜೊತೆಗೇ.

ನಮಸ್ಕಾರ.