ಅರ್ಜಿ ಕೊಟ್ಟ ತಾರೀಕು

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳ ಮಳೆ ಹೇಗೆ ಸುರಿಯುತ್ತದೆ ಎಂದು ಉಡುಪಿಯವರಿಗೆ ನಾನು ಹೇಳಬೇಕಾಗಿಲ್ಲ. ಕಳೆದ ಆಟಿಯಲ್ಲಿ ನೆರೆಮನೆಯ ಅಕ್ಕನ ಅಂಗಳಕ್ಕೆ ತೋಡಿನ, ಅಂದರೆ ಮಳೆನೀರು ಹರಿಯುವ ಸಣ್ಣ ಹಳ್ಳದ, ನೀರು ನುಗ್ಗಿತು. ಮೇಲ್ಗಡೆ ಯಾರೋ ತೋಡಿಗೆ ಮಣ್ಣು ತುಂಬಿಸಿದ್ದರು. ಅಕ್ಕ ಸ್ಥಳೀಯ ಸಂಸ್ಥೆಯ ಕಚೇರಿಗೆ ಅರ್ಜಿ ಕೊಟ್ಟರು. ಇಂಜಿನಿಯರ್ ಬಂದು ನೋಡುತ್ತಾರೆ ಎಂದು ಕಚೇರಿಯವರು ಹೇಳಿದರು. ಆಮೇಲೆ ಕಡತ ಮೇಲೆ ಹೋಗಿದೆ ಎಂದರು. ಆಮೇಲೆ, ಮುಂದಿನ ವಾರ ಬನ್ನಿ. ಅಷ್ಟರಲ್ಲಿ ಅಂಗಳ ಒಣಗಿತು, ತುಳಸಿಕಟ್ಟೆಯ ಮೇಲೆ ಕೆಸರಿನ ಗೆರೆ ಉಳಿಯಿತು. "ನಮ್ಮ ಹಣೆಬರಹ ಇಷ್ಟೇ" ಎಂದು ಅಕ್ಕ ಸುಮ್ಮನಾದರು.

ಅವರು ಹಣೆಬರಹ ಎಂದದ್ದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ: ದುರಾಡಳಿತ.

ಲೋಕಾಯುಕ್ತ ಎಂದೊಡನೆ ನಮಗೆ ನೆನಪಾಗುವುದು ಲಂಚದ ನೋಟು, ದಾಳಿ, ಆಗ ಲೋಕಾಯುಕ್ತರಾಗಿದ್ದ ನಮ್ಮ ನಿಟ್ಟೆ ಮೂಲದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರಲ್ಲಿ ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿ. ಆದರೆ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ಇನ್ನೊಂದು ಬಾಗಿಲೂ ಇದೆ, 'ಕುಂದುಕೊರತೆ'ಯ ಬಾಗಿಲು. ಯಾರೂ ಲಂಚ ಕೇಳದಿದ್ದರೂ ಸರಿಯೇ. ಬೇಕೆಂದೇ ತೋರಿದ ನಿರ್ಲಕ್ಷ್ಯ, ಸಲ್ಲದ ವಿಳಂಬ, ತಾರತಮ್ಯ, ಇವುಗಳಿಂದ ನಿಮಗೆ ಅನ್ಯಾಯವಾಗಿದ್ದರೆ ದೂರು ಕೊಡಬಹುದು. ನಗರಸಭೆ, ಪಾಲಿಕೆ, ಪಂಚಾಯತಿಗಳ ನೌಕರರ ಮೇಲಿನ ಇಂತಹ ದೂರುಗಳನ್ನು ಲೋಕಾಯುಕ್ತ ಸಂಸ್ಥೆಯ ಉಪಲೋಕಾಯುಕ್ತರು ವಿಚಾರಿಸುತ್ತಾರೆ. ನನಗೆ ಈ ಬಾಗಿಲೇ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಬಡವರ ಗೋಳು ಹೆಚ್ಚಾಗಿ ವಿಳಂಬದ ಗೋಳು.

ಇಲ್ಲೊಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಕುಂದುಕೊರತೆಯ ದೂರಿಗೆ ಆರು ತಿಂಗಳ ಗಡುವು. ಅನ್ಯಾಯದ ಕ್ರಮ ನಿಮಗೆ ತಿಳಿದ ದಿನದಿಂದ ಎಣಿಕೆ ಶುರು. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಸ್ವೀಕರಿಸಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬಾರದು. ನಾವು ಮರ್ಯಾದೆಯಿಂದ "ಆಯಿತು ಸಾರ್, ಮುಂದಿನ ವಾರ ಬರುತ್ತೇನೆ" ಎನ್ನುತ್ತಿರುವಾಗಲೇ ಆ ಗಡುವು ಕರಗುತ್ತಿರುತ್ತದೆ.

ಆದ್ದರಿಂದ ಬಾಯಿಮಾತಿನಲ್ಲಿ ಏನನ್ನೂ ಕೇಳಬೇಡಿ. ಅರ್ಜಿಯನ್ನು ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಅದನ್ನೂ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತದ ಪ್ರತಿಗಳನ್ನು ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ದೂರಿನ ಬಲವೆಲ್ಲ ಈ ಕಾಗದಗಳಲ್ಲಿದೆ.

ದೂರಿಗೆ ನಿಗದಿತ ನಮೂನೆ ಇದೆ, ಜೊತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಬೇಕು. ತೊಂದರೆ ಅನುಭವಿಸಿದವರೇ ಸಹಿ ಹಾಕಬೇಕು, ಕೈಲಾಗದವರ ಪರವಾಗಿ ಅವರು ಅಧಿಕಾರ ಕೊಟ್ಟವರು ಹಾಕಬಹುದು. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಶಿಕ್ಷೆಯಿದೆ, ಹಾಗಾಗಿ ಕಂಡದ್ದನ್ನಷ್ಟೇ ಬರೆಯಿರಿ. ದೂರು ನಿಜವೆಂದು ಕಂಡುಬಂದರೆ ಉಪಲೋಕಾಯುಕ್ತರು ಪರಿಹಾರಕ್ಕೆ ಶಿಫಾರಸು ಮಾಡುತ್ತಾರೆ. ಅದು ನ್ಯಾಯಾಲಯದ ತೀರ್ಪಲ್ಲ, ಶಿಫಾರಸು. ಆದರೂ ಏನು ಕ್ರಮ ಕೈಗೊಂಡೆವೆಂದು ಮೇಲಧಿಕಾರಿಗಳು ವರದಿ ಕೊಡಲೇಬೇಕು. ಅಷ್ಟಾದರೂ ಉತ್ತರದಾಯಿತ್ವ ಬರುತ್ತದೆ.

ಅಕ್ಕನ ದೂರನ್ನು ನಾವಿಬ್ಬರೂ ಕುಳಿತು ಬರೆದೆವು. ಮೊದಲ ಕರಡಿನಲ್ಲಿ ಸಿಟ್ಟು ತುಂಬಿತ್ತು, ತಾರೀಕುಗಳಿರಲಿಲ್ಲ. ಎರಡನೆಯದರಲ್ಲಿ ತಾರೀಕುಗಳೇ ಮಾತಾಡಿದವು. ನೋಟರಿಯವರ ಮುಂದೆ ಅಕ್ಕ ಸಹಿ ಹಾಕಿದಾಗ ಗಡುವಿಗೆ ಹನ್ನೊಂದು ದಿನ ಉಳಿದಿತ್ತು. ಕೋರಿದ ಪರಿಹಾರ ಎಂಬಲ್ಲಿ ಅವರು ಒಂದೇ ಸಾಲು ಬರೆಸಿದರು: ಮುಂದಿನ ಆಟಿಗೆ ಮೊದಲು ತೋಡಿನ ಮಣ್ಣು ತೆಗೆಸಿಕೊಡಬೇಕು.