ಕಾಲಿಗೆ ತಾಗಿದ್ದಕ್ಕೆ ಸೀಟಿ ಯಾಕ್ರೀ?

ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಹೋಗೋ ಅಭ್ಯಾಸ ಇದ್ದರೆ ಈ ಜಗಳ ನೀವೂ ನೋಡಿರ್ತೀರಿ. ಸ್ಕೋರು 23–23. ಸ್ಮ್ಯಾಶ್ ಬ್ಲಾಕಿಗೆ (ನೆಟ್ಟಿನ ಬಳಿ ಹಾರಿ ಅಡ್ಡ ಒಡ್ಡಿದ ಕೈಗಳಿಗೆ) ಬಡಿದು ಚೆಂಡು ದಿಕ್ಕು ತಪ್ಪುತ್ತೆ. ಹಿಂದಿದ್ದವನು ಓಡ್ತಾನೆ, ಕೈ ಎಟುಕಲ್ಲ ಅಂತ ಗೊತ್ತಾಗಿ ಕಾಲು ಚಾಚ್ತಾನೆ. ಶೂ ಮೇಲೆ ಬಿದ್ದ ಚೆಂಡು ಚಂದವಾಗಿ ಮೇಲೇಳುತ್ತೆ. ಎದುರು ತಂಡದ ಆರೂ ಜನ ಕೈ ಎತ್ತಿ ‘ಫುಟ್, ಫುಟ್’ ಅಂತ ಕೂಗ್ತಾರೆ. ರೆಫರಿ ಸೀಟಿ ಊದಿಬಿಡ್ತಾರೆ.

ಆ ಸೀಟಿ ತಪ್ಪು. ಇದರಲ್ಲಿ ಅಭಿಪ್ರಾಯದ ಮಾತೇ ಇಲ್ಲ. ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ನಿನ ನಿಯಮ 9.2.1 ಒಂದೇ ಸಾಲು: ಚೆಂಡು ದೇಹದ ಯಾವ ಭಾಗಕ್ಕಾದರೂ ತಾಗಬಹುದು. ತಲೆ, ಎದೆ, ಮೊಣಕಾಲು, ಪಾದ, ಎಲ್ಲಾ ಸೇರಿತು. ಬೀಚ್ ವಾಲಿಬಾಲಿನಲ್ಲೂ ಅಷ್ಟೇ.

ಹಾಗಾದರೆ ಈ ‘ಫುಟ್’ ಕೂಗು ಬಂದಿದ್ದು ಎಲ್ಲಿಂದ? ಹಳೇ ನಿಯಮದಿಂದ. ಒಂದು ಕಾಲದಲ್ಲಿ ಸೊಂಟದಿಂದ ಕೆಳಗೆ ತಾಗಿದರೆ ಫೌಲ್ ಅಂತಲೇ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಆ ಗೆರೆ ಮೊಣಕಾಲಿಗೆ ಇಳಿಯಿತು. 1994ರಲ್ಲಿ ಪೂರ್ತಿ ತೆಗೆದುಹಾಕಿ, 1995ರಿಂದ ಪಾದಕ್ಕೂ ಅನುಮತಿ ಕೊಟ್ಟರು. ಸ್ಮ್ಯಾಶ್‌ಗಳು ಜೋರಾಗಿ ರ‍್ಯಾಲಿ ಎರಡೇ ಕ್ಷಣದಲ್ಲಿ ಮುಗಿದುಹೋಗ್ತಿದ್ದ ಕಾಲ ಅದು. ಚೆಂಡು ಇನ್ನೂ ಸ್ವಲ್ಪ ಹೊತ್ತು ಆಟದಲ್ಲಿರಲಿ ಅಂತ ರಕ್ಷಣೆಗೆ ಹಲವು ಸಡಿಲಿಕೆ ಕೊಟ್ಟರು, ಅದರಲ್ಲಿ ಇದೂ ಒಂದು. ಆಗ ಹುಟ್ಟಿದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ. ನಮ್ಮ ಆಟದ ಅಂಕಣಗಳಲ್ಲಿ ಮಾತ್ರ ಸೊಂಟದ ನಿಯಮವೇ ಇನ್ನೂ ಆಡ್ತಾ ಇದೆ. ಪಿಟಿ ಮಾಸ್ಟರು ಕಲಿತಿದ್ದನ್ನೇ ಕಲಿಸಿದರು, ಕಲಿತ ಹುಡುಗರೇ ಮುಂದೆ ರೆಫರಿ ಆದರು.

ಹಾಗಂತ ಕಾಲಿಗೆ ಎಲ್ಲಾ ಮಾಫಿ ಅಂತಲ್ಲ. ಸರ್ವಿಸ್ ಕೈಯಿಂದಲೇ ಆಗಬೇಕು, ಅದೂ ಒಂದು ಕೈ ಅಥವಾ ತೋಳು. ಕಾಲಲ್ಲಿ ಸರ್ವಿಸ್ ಇಲ್ಲ. ಉಳಿದಂತೆ ಕೈಗೆ ಯಾವ ಕಟ್ಟಳೆಯೋ ಕಾಲಿಗೂ ಅದೇ: ಚೆಂಡು ತಾಗಿ ಚಿಮ್ಮಬೇಕು. ಪಾದಕ್ಕೂ ಕಣಕಾಲಿಗೂ ನಡುವೆ ಸಿಕ್ಕಿಸಿಕೊಂಡು ಎತ್ತಿ ಎಸೆದರೆ ಹೋಲ್ಡಿಂಗ್. ಫುಟ್‌ಬಾಲಿನವರ ಹಾಗೆ ಅಂಗಾಲಿನಲ್ಲಿ ಮೆಟ್ಟಿ ನಿಲ್ಲಿಸಿದರೆ ಚೆಂಡು ನೆಲ ಮುಟ್ಟಿತು, ಅಲ್ಲಿಗೆ ರ‍್ಯಾಲಿ ಮುಗೀತು.

ಡಬಲ್ ಟಚ್, ಅಂದರೆ ಚೆಂಡು ಒಬ್ಬನಿಗೇ ಸಾಲಾಗಿ ಎರಡು ಸಲ ತಾಗೋ ವಿಷಯದಲ್ಲಿ ಬಹಳ ಜನ ಎಡವ್ತಾರೆ. ಎದುರಾಳಿಯ ಸ್ಮ್ಯಾಶ್ ನಿಮ್ಮ ಮುಂಗೈಗೆ ಬಡಿದು, ಅಲ್ಲಿಂದ ಜಾರಿ, ನಿಮ್ಮದೇ ಮೊಣಕಾಲಿಗೋ ಪಾದಕ್ಕೋ ತಾಗಿ ಮೇಲೆ ಹೋಯಿತು ಅಂದುಕೊಳ್ಳಿ. ತಂಡಕ್ಕೆ ಸಿಗೋ ಮೂರು ಹೊಡೆತಗಳಲ್ಲಿ ಅದು ಮೊದಲನೆಯದಾಗಿದ್ದು, ಎಲ್ಲಾ ಒಂದೇ ಪ್ರಯತ್ನದಲ್ಲಿ ಆಗಿದ್ದರೆ, ಅದು ಫೌಲ್ ಅಲ್ಲ, ಒಂದೇ ಹೊಡೆತ ಅಂತ ಲೆಕ್ಕ. ಇದೇ ಎರಡನೇ ಅಥವಾ ಮೂರನೇ ಹೊಡೆತದಲ್ಲಿ ಆದರೆ ಫೌಲ್. ಇನ್ನು, ಬ್ಲಾಕ್ ಮಾಡಿದವನ ಕೈಗೆ ತಾಗಿದ ಚೆಂಡು ನೆಟ್ಟಿಗೂ ಅವನಿಗೂ ನಡುವೆ ಜಾರಿತು, ಅವನೇ ಪಾದ ಕೊಟ್ಟು ಎಬ್ಬಿಸಿದ. ಸರಿಯೇ. ಬ್ಲಾಕಿನ ತಾಗುವಿಕೆ ಲೆಕ್ಕಕ್ಕಿಲ್ಲ, ಪಾದದ್ದೇ ಮೊದಲ ಹೊಡೆತ. ತಂಡಕ್ಕೆ ಇನ್ನೂ ಎರಡು ಬಾಕಿ.

ಕೋಚ್‌ಗಳ ಒಂದು ತಕರಾರು ನನಗೆ ಅರ್ಥವಾಗುತ್ತೆ: ‘ಕಾಲು ಬಿಟ್ಟರೆ ಹುಡುಗರು ಸೋಮಾರಿ ಆಗ್ತಾರೆ, ಬಗ್ಗೋದೇ ಇಲ್ಲ, ಡೈವ್ ಹೊಡೆಯೋದೇ ಇಲ್ಲ.’ ನಿಜ, ಸೊಂಟದ ಎತ್ತರದ ಚೆಂಡಿಗೆ ಕಾಲೆತ್ತುವವನನ್ನು ಬೆಂಚಿಗೆ ಕೂರಿಸಿ, ನಾನು ಬೇಡ ಅನ್ನಲ್ಲ. ಆದರೆ ಅದು ಕೋಚ್ ತಿದ್ದಬೇಕಾದ ತಪ್ಪು, ರೆಫರಿ ಪಾಯಿಂಟ್ ಕಿತ್ತುಕೊಳ್ಳೋ ತಪ್ಪಲ್ಲ. ಮೈಭಾರ ಪೂರ್ತಿ ಬಲಕ್ಕೆ ವಾಲಿದೆ, ಚೆಂಡು ಎಡಗಾಲ ಬಳಿ ಮೊಣಕಾಲಿಗಿಂತ ಕೆಳಗೆ ಬಂದಿದೆ. ಅಲ್ಲಿ ಯಾವ ಡೈವೂ ಆಗಲ್ಲ, ಉಳಿದಿರೋದು ಕಾಲು ಒಂದೇ.

ಅದಕ್ಕೂ ಅಭ್ಯಾಸ ಬೇಕು. ಕಲಿಸದೆ ಬಿಟ್ಟರೆ ಏನಾಗುತ್ತೆ ಗೊತ್ತಾ? ಹುಡುಗ ಫುಟ್‌ಬಾಲ್ ಒದ್ದ ಹಾಗೆ ಒದೀತಾನೆ. ಫುಟ್‌ಬಾಲಿನ ತೂಕ 410ರಿಂದ 450 ಗ್ರಾಂ, ವಾಲಿಬಾಲಿನದು 260ರಿಂದ 280 ಗ್ರಾಂ ಮಾತ್ರ. ಅದೇ ಬಲ ಹಾಕಿದರೆ ಚೆಂಡು ಲೈಟಿನ ಕಂಬ ದಾಟುತ್ತೆ. ಕಾಲು ಬೀಸಬಾರದು, ಚೆಂಡಿನ ಕೆಳಗೆ ತಂದು ಇಡಬೇಕು. ಕಣಕಾಲು ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಪಾದ ಹಿಂದಕ್ಕೆ ಮಡಚಿ ಚೆಂಡು ನೆಟ್ಟಿನ ಕಡೆ ಚಪ್ಪಟೆಯಾಗಿ ಜಾರುತ್ತೆ. ಬೆರಳ ತುದಿಗಿಂತ ಶೂ ಲೇಸ್ ಕಟ್ಟೋ ಜಾಗ ವಾಸಿ, ಅಲ್ಲಿ ಮಟ್ಟಸ. ಜೋರು ಸ್ಮ್ಯಾಶಿಗೆ ಪಾದ ಒಡ್ಡಿ ನಿಂತರೆ ಸಾಕು, ಬಲ ಚೆಂಡಿನಲ್ಲೇ ಇರುತ್ತೆ. ನಿಧಾನವಾಗಿ ಬೀಳೋ ಚೆಂಡಿಗೆ ಮಾತ್ರ ಮೊಣಕಾಲಿನಿಂದ ಒಂಚೂರು ಎತ್ತಬೇಕು. ಗುರಿ ಸ್ಮ್ಯಾಶಿಗೆ ಚೆಂಡು ಎತ್ತಿಕೊಡೋ ಸೆಟ್ಟರ್ ಕೈ ಅಲ್ಲ, ಅಂಕಣದ ನಡುವೆ ಆಕಾಶ. ಚೆಂಡು ಎತ್ತರ ಹೋದರೆ ಉಳಿದವರಿಗೆ ಓಡಿಬರಲು ಹೊತ್ತು ಸಿಗುತ್ತೆ. ದಿನಕ್ಕೆ ಹತ್ತು ನಿಮಿಷ, ಒಬ್ಬ ಕೈಯಿಂದ ತಗ್ಗಿಗೆ ಎಸೀಲಿ, ಇನ್ನೊಬ್ಬ ಎಡಗಾಲು, ಬಲಗಾಲು ಬದಲಿಸಿ ಎಬ್ಬಿಸಲಿ. (ವಾರ್ಮಪ್‌ನಲ್ಲಿ ಚೆಂಡನ್ನು ಗೋಡೆಗೆ ಒದೆಯೋರಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಚೆಂಡು ಮೊಟ್ಟೆಯಾಕಾರ ಆಗೋದು ಅವರಿಂದಲೇ.)

ನಿಜವಾದ ಅಪಾಯ ಒಂದಿದೆ. ಒಬ್ಬ ಡೈವ್ ಹೊಡೆದು ಮುಖ ನೆಲದ ಹತ್ತಿರ ತಂದಿರ್ತಾನೆ, ಅದೇ ಚೆಂಡಿಗೆ ಇನ್ನೊಬ್ಬ ಕಾಲು ಬೀಸ್ತಾನೆ. ಅದಕ್ಕೇ ‘ನಂದು’ ಅಂತ ಕೂಗೋ ಅಭ್ಯಾಸ. ಕೂಗು ಕೇಳಿದರೆ ಕಾಲು ಹಿಂದಕ್ಕೆ.

ತಮಾಷೆ ನೋಡಿ. ಪಾದದ ಮೇಲೆ ನಿಜಕ್ಕೂ ಕಣ್ಣಿಡಬೇಕಾದ ಜಾಗಗಳಲ್ಲಿ ನಮ್ಮ ರೆಫರಿಗಳ ಸೀಟಿ ಮೌನ. ಸರ್ವಿಸ್ ಹೊಡೆಯೋ ಕ್ಷಣ ಕಾಲು ಬ್ಯಾಕ್ ಲೈನ್ ಮೆಟ್ಟಿದರೆ ಫೌಲ್. ಹಿಂದಿನ ಸಾಲಿನವನು ನೆಟ್ಟಿನಿಂದ 3 ಮೀಟರ್ ದೂರದ ಗೆರೆ ಮೆಟ್ಟಿ ಹಾರಿ, ನೆಟ್ಟಿಗಿಂತ ಮೇಲಿರೋ ಚೆಂಡನ್ನು ಆಚೆಗೆ ಸ್ಮ್ಯಾಶ್ ಮಾಡಿದರೆ ಫೌಲ್. ಎಲ್ಲಕ್ಕಿಂತ ಮುಖ್ಯ, ನೆಟ್ಟಿನ ಕೆಳಗಿನ ನಡುಗೆರೆ. ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಅಥವಾ ಗೆರೆಯ ನೇರಕ್ಕೆ ಮೇಲುಗಡೆ ಇರಬೇಕು. ಇಡೀ ಪಾದ ಆಚೆ ಬಿದ್ದರೆ ಫೌಲ್. ಸ್ಮ್ಯಾಶ್ ಹೊಡೆದವನ ಪಾದ ಆಚೆ ಹೋಯಿತು, ಬ್ಲಾಕಿಗೆ ಹಾರಿದವನು ಅದರ ಮೇಲೇ ಇಳಿದ. ವಾಲಿಬಾಲಿನಲ್ಲಿ ಕಣಕಾಲು ಉಳುಕೋದು ಬಹುಪಾಲು ಇಲ್ಲೇ. ಈ ಫೌಲಿಗೆ ಸೀಟಿ ಊದದೆ, ಚೆಂಡು ಉಳಿಸಿದವನ ಶೂ ಹಿಡಿದು ಕೂತರೆ ಹೇಗೆ?

ಮುಂದಿನ ಸಲ ನಿಮ್ಮ ತಂಡಕ್ಕೆ ಹೀಗಾದರೆ ಆರೂ ಜನ ಮುತ್ತಿಗೆ ಹಾಕಬೇಡಿ. ನಿಯಮದ ಬಗ್ಗೆ ಕೇಳೋ ಹಕ್ಕು ಅಂಕಣದಲ್ಲಿರೋ ಕ್ಯಾಪ್ಟನ್‌ಗೆ ಮಾತ್ರ. ಅವನು ಹೋಗಿ ಮೆತ್ತಗೆ ಕೇಳಲಿ: ‘ಸರ್, ಯಾವ ಫೌಲು? ಸನ್ನೆ ತೋರಿಸಿ.’ ಡಬಲ್ ಟಚ್‌ಗೆ ಎರಡು ಬೆರಳು, ನಾಲ್ಕು ಹೊಡೆತಕ್ಕೆ ನಾಲ್ಕು ಬೆರಳು, ಹೋಲ್ಡಿಂಗ್‌ಗೆ ಅಂಗೈ ಮೇಲೆ ಮಾಡಿ ನಿಧಾನ ಎತ್ತೋದು. ಚೆಂಡು ಕಾಲಿಗೆ ತಾಗಿತು ಅನ್ನೋದಕ್ಕೆ ಮಾತ್ರ ರೆಫರಿ ಸನ್ನೆಗಳಲ್ಲಿ ಯಾವ ಸನ್ನೆಯೂ ಇಲ್ಲ.